ಪಿಕಪ್ ಗಾಡಿಯ ಪಕ್ಕದ ಮೆಟ್ಟಿಲು: ಆರಿಸುವುದು ಹೇಗೆ?

ತರಕಾರಿ ಮೂಟೆ, ಹಾಲಿನ ಕ್ಯಾನು, ಗೊಬ್ಬರದ ಚೀಲ, ಮೇವು ಏನೇ ಇರಲಿ, ಹಿಂದೆ ಎತ್ತಿನ ಗಾಡಿ ಹೊರುತ್ತಿದ್ದ ಹೊರೆಯನ್ನು ಈಗ ಎಷ್ಟೋ ಊರುಗಳಲ್ಲಿ ಪಿಕಪ್ ಗಾಡಿ ಹೊರುತ್ತಿದೆ. ಆದರೆ ಈ ಗಾಡಿ ನೆಲದಿಂದ ಎತ್ತರ. ಮಂಡಿನೋವಿನ ಅಜ್ಜಿ, ಸೀರೆ ಉಟ್ಟ ಹೆಣ್ಣುಮಗಳು, ಆಸ್ಪತ್ರೆಗೆ ಹೊರಟ ಬಸುರಿ ಇವರೆಲ್ಲ ಮುಂದಿನ ಕ್ಯಾಬಿನ್ನಿಗೆ ಹತ್ತಲು ಪಡುವ ಪಾಡು ನಿಮಗೆ ಗೊತ್ತೇ ಇದೆ. ಇಳಿಯುವುದಂತೂ ಇನ್ನೂ ಕಷ್ಟ. ಇದಕ್ಕಾಗಿ ಬಾಗಿಲ ಕೆಳಗೆ ಹಾಕಿಸುವ ಮೆಟ್ಟಿಲಿಗೇ ಸೈಡ್ ಸ್ಟೆಪ್ ಅನ್ನುತ್ತಾರೆ. ಅಂಗಡಿಗೆ ಹೋದರೆ ಹತ್ತಾರು ತರಹ ತೋರಿಸುತ್ತಾರೆ. ಯಾವುದನ್ನು ತರಬೇಕು? ಅಟ್ಟದ ಏಣಿಯನ್ನು ಹೊಳಪು ನೋಡಿ ಯಾರಾದರೂ ತರುತ್ತಾರೆಯೇ? ಕಾಲು ನಿಲ್ಲುತ್ತದೆಯೇ, ಭಾರ ತಡೆಯುತ್ತದೆಯೇ ಅಂತ ನೋಡುತ್ತೇವೆ. ಇಲ್ಲಿಯೂ ಅದೇ ಲೆಕ್ಕ.

ಮೊದಲು ಎತ್ತರ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ನೆಲದಿಂದ ಬಾಗಿಲ ಹೊಸ್ತಿಲವರೆಗೆ ಟೇಪು ಹಿಡಿದು ಅಳೆಯಿರಿ. ಮೆಟ್ಟಿಲು ಸುಮಾರು ಅರ್ಧದಲ್ಲಿ ಬಂದರೆ ಎರಡು ಹೆಜ್ಜೆಯೂ ಸಮನಾಗುತ್ತವೆ. ಹೊಸ್ತಿಲು 26 ಅಂಗುಲವಿದ್ದರೆ ಮೆಟ್ಟಿಲು 13-14 ಅಂಗುಲದಲ್ಲಿರಲಿ. ಮೆಟ್ಟಿಲು ತೀರಾ ಕೆಳಗೆ ಬಂದರೆ ಬದುವಿಗೆ, ಗಾಡಿಜಾಡಿನ ದಿಬ್ಬಕ್ಕೆ ತಗಲುತ್ತದೆ. ಹೊರೆ ಹೇರಿದಾಗ ಗಾಡಿ ಕೆಳಗೆ ಕೂರುತ್ತದಲ್ಲವೇ? ಆದ್ದರಿಂದ ಹೊರೆ ಇದ್ದಾಗಲೂ ಒಮ್ಮೆ ಅಳೆದು ನೋಡಿ.

ಎರಡನೆಯದು ಪಾದ ಊರುವ ಜಾಗ. ಬರೀ ದುಂಡು ಪೈಪು ನೋಡಲು ಚಂದ. ಆದರೆ ಕೆಸರುಗಾಲಿನಲ್ಲಿ ಗದ್ದೆಯಿಂದ ಬಂದವರಿಗೆ ಅದು ಜಾರುಬಂಡೆ. ಅಂಗಾಲಿನ ಮುಂಭಾಗ ಪೂರ್ತಿ ಊರುವಷ್ಟು, ಅಂದರೆ 4-5 ಅಂಗುಲಕ್ಕೆ ಕಡಿಮೆಯಿಲ್ಲದ ಚಪ್ಪಟೆ ಅಗಲವಿರಲಿ. ಮೇಲೆ ಗೀರುಗಳಿರುವ ದಪ್ಪ ರಬ್ಬರು ಇರಲಿ, ಅಥವಾ ನೀರು ಕೆಸರು ಕೆಳಗೆ ಸೋರುವ ತೂತುಗಳ ತಗಡಿರಲಿ. ಗರಗಸದ ಹಲ್ಲಿನಂಥ ಚೂಪು ತಗಡು ಬೂಟಿಗೆ ಸರಿ; ನಮ್ಮಲ್ಲಿ ಬರಿಗಾಲಲ್ಲಿ ಹತ್ತುವವರೂ ಇದ್ದಾರೆ. ಸೀರೆ, ಪಂಚೆಯ ಅಂಚು ಸಿಕ್ಕಿಕೊಳ್ಳುವಂತೆ ಬೋಲ್ಟಿನ ತುದಿ ಹೊರಗೆ ಚಾಚಿರಬಾರದು.

ಮೂರನೆಯದು ಲೋಹ. ಬಣ್ಣ ಹಾಕಿದ ಕಬ್ಬಿಣದ ಮೆಟ್ಟಿಲು ಗಟ್ಟಿ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಬಾಗಿದರೆ ಹೋಬಳಿಯ ವೆಲ್ಡಿಂಗ್ ಅಂಗಡಿಯಲ್ಲೇ ಸರಿಮಾಡಬಹುದು. ಬಣ್ಣ ಕಿತ್ತ ಕಡೆ ತುಕ್ಕು ಹಿಡಿಯುತ್ತದೆ, ಕೂಡಲೇ ಉಜ್ಜಿ ಬಣ್ಣ ಬಳಿಯಿರಿ. ಸ್ಟೇನ್‌ಲೆಸ್ ಸ್ಟೀಲು ತುಕ್ಕನ್ನು ತಡೆಯುತ್ತದೆ. ಆದರೂ ಕರಾವಳಿಯ ಉಪ್ಪು ಗಾಳಿಯಲ್ಲಿ ಅದಕ್ಕೂ ಕಲೆ ಬೀಳುವುದುಂಟು. ಅಲ್ಯೂಮಿನಿಯಮ್ ಹಗುರ, ಆದರೆ ಕಲ್ಲೇಟಿಗೆ ಬಿರುಕು ಬಿಟ್ಟರೆ ಹಳ್ಳಿಯಲ್ಲಿ ಬೆಸುಗೆ ಹಾಕುವುದು ಕಷ್ಟ. ಪೈಪಿನದಾದರೆ ಎರಡು ತುದಿಗೂ ಬಿಗಿಯಾದ ಮುಚ್ಚಳ, ತಳದಲ್ಲಿ ನೀರು ಇಳಿಯಲು ಸಣ್ಣ ತೂತು ಇರಬೇಕು. ಇಲ್ಲವಾದರೆ ನೀರು ಒಳಗೇ ನಿಂತು, ಹೊರಗೆ ಹೊಳೆಯುತ್ತಿದ್ದರೂ ಒಳಗೆ ತಿಂದುಹೋಗಿರುತ್ತದೆ.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ: ಅದನ್ನು ಎಲ್ಲಿಗೆ ಬಿಗಿಯುತ್ತಾರೆ? ಮೆಟ್ಟಿಲಿನ ಕೊಕ್ಕೆಪಟ್ಟಿಗಳು ಗಾಡಿಯ ಚಾಸಿಗೆ, ಕಂಪನಿಯವರೇ ಬಿಟ್ಟಿರುವ ತೂತುಗಳಿಗೆ ಬೋಲ್ಟಿನಿಂದ ಕೂರಬೇಕು. ಬಾಗಿಲ ಕೆಳಗಿನ ತೆಳು ತಗಡಿಗೆ ಬಿಗಿದರೆ ನಾಲ್ಕು ದಿನದಲ್ಲಿ ತಗಡು ಹರಿದು, ಹತ್ತಿದವರ ಸಮೇತ ಕಳಚಿ ಬೀಳಬಹುದು. ಚಾಸಿಗೆ ಹೊಸ ತೂತು ಕೊರೆಯುವುದಕ್ಕೂ ಬೆಸುಗೆ ಹಾಕುವುದಕ್ಕೂ ಬಿಡಬೇಡಿ. ಗಾಡಿಯ ಬೆನ್ನೆಲುಬೇ ಸೊರಗುತ್ತದೆ. ಆದ್ದರಿಂದ ನಿಮ್ಮ ಗಾಡಿಯ ಮಾದರಿಗೆಂದೇ ಮಾಡಿದ್ದನ್ನು ಕೇಳಿ ತನ್ನಿ. ಹಾಕಿಸಿದ ಮೇಲೆ ದಪ್ಪನೆಯ ಆಳೊಬ್ಬ ಮೆಟ್ಟಿಲಿನ ನಡುವೆ ನಿಂತು ನೋಡಲಿ. ಅಲುಗಿದರೆ, ಜಗ್ಗಿದರೆ ಹಣ ಕೊಡುವ ಮುಂಚೆಯೇ ಮೇಸ್ತ್ರಿಗೆ ಹೇಳಿ. ಹದಿನೈದು ದಿನ ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ.

ಮೆಟ್ಟಿಲು ಗಾಡಿಯ ಮೈಯಿಂದ ಹೆಚ್ಚು ಹೊರಚಾಚಬಾರದು. ಓಣಿಯಲ್ಲಿ ಮಕ್ಕಳ ಕಾಲಿಗೂ ದನಕರುಗಳಿಗೂ ತಗಲೀತು. ನೋಂದಣಿ ಪುಸ್ತಕದಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ತಡೆಯೂ ಇದೆ. ಸಂಶಯವಿದ್ದರೆ ಹಾಕಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

“ಪಕ್ಕದಿಂದ ಡಿಕ್ಕಿಯಾದರೂ ಇದು ಕಾಪಾಡುತ್ತೆ ಸ್ವಾಮೀ” ಅಂತ ಅಂಗಡಿಯವರು ಹೇಳಬಹುದು. ನಂಬಿ ಕೂರಬೇಡಿ, ಅದು ಹತ್ತಿ ಇಳಿಯುವ ಸಾಧನ ಅಷ್ಟೇ. ಚಕ್ರ ಬದಲಿಸುವಾಗ ಜಾಕಿಯನ್ನೂ ಅದರ ಕೆಳಗೆ ಇಡಬೇಡಿ.

ಕೊನೆಯ ಮಾತು. ಸಂತೆಗೆ, ಜಾತ್ರೆಗೆ, ಕೂಲಿಗೆ ಹೋಗುವಾಗ ಜಾಗ ಸಾಲದೆ ಹುಡುಗರು ಈ ಮೆಟ್ಟಿಲ ಮೇಲೆ ನಿಂತು, ಕಿಟಕಿ ಹಿಡಿದು ಹೋಗುವುದನ್ನು ನೋಡುತ್ತೇವೆ. ಒಂದು ಗುಂಡಿ ಸಿಕ್ಕರೆ ಸಾಕು, ಕೈ ತಪ್ಪಿದವನು ಹಿಂದಿನ ಚಕ್ರದ ಕೆಳಗೇ ಬೀಳುತ್ತಾನೆ. ಹೀಗೆ ನಿಲ್ಲಿಸಿಕೊಂಡು ಹೋಗುವುದನ್ನು ಅದೇ ಕಾಯಿದೆಯ 123ನೆಯ ಕಲಮು ನಿಷೇಧಿಸಿದೆ. ಕಾಯಿದೆಯ ಮಾತು ಹಾಗಿರಲಿ, ಹೋದ ಜೀವವನ್ನು ಯಾವ ದುಡ್ಡೂ ತರಲಾರದು. ಗಾಡಿ ನಿಂತ ಮೇಲೆ ಮೆಟ್ಟಿಲಿಗೆ ಕಾಲಿಡಿ, ಹೊರಡುವ ಮೊದಲು ಕಾಲು ತೆಗೆಯಿರಿ. ಈ ಮಾತನ್ನು ಗಾಡಿ ಓಡಿಸುವವರಿಗೂ ಮನೆಯ ಮಕ್ಕಳಿಗೂ ಹೇಳಿ.