ಹೊಸ ಪದಗಳು ಹುಟ್ಟುವ ಬಗೆ

ರಸಾಯನಶಾಸ್ತ್ರದ ಪುಸ್ತಕವನ್ನು ತೆರೆದ ವಿದ್ಯಾರ್ಥಿಗೆ ಆನೋಡ್, ಕ್ಯಾಥೋಡ್, ಅಯಾನ್ ಎಂಬ ಪದಗಳು ಎದುರಾಗುತ್ತವೆ. ಇವು ಇಂಗ್ಲಿಷಿನಲ್ಲಿ ಬಹುಕಾಲದಿಂದಲೂ ಇದ್ದವೆಂದು ಅವನು ಭಾವಿಸಬಹುದು. ಆದರೆ ಇವು ಬಳಕೆಗೆ ಬಂದದ್ದು 1834ರಲ್ಲಿ.

ದ್ರಾವಣಗಳಲ್ಲಿ ವಿದ್ಯುತ್ತನ್ನು ಹಾಯಿಸಿ ಪ್ರಯೋಗ ನಡೆಸುತ್ತಿದ್ದ ಮೈಕೇಲ್ ಫ್ಯಾರಡೆಗೆ, ತಾನು ಕಂಡುದನ್ನು ವಿವರಿಸಲು ತಕ್ಕ ಮಾತುಗಳು ದೊರೆಯಲಿಲ್ಲ. ಆತನು ಕೇಂಬ್ರಿಡ್ಜಿನ ವಿದ್ವಾಂಸ ವಿಲಿಯಂ ಹ್ಯೂವೆಲನಿಗೆ ಪತ್ರ ಬರೆದನು. ಹ್ಯೂವೆಲನು ಗ್ರೀಕ್ ಭಾಷೆಯಿಂದ 'ಏರುದಾರಿ', 'ಇಳಿದಾರಿ', 'ಹೋಗುವಂಥದು' ಎಂಬರ್ಥದ ಈ ಮೂರು ಪದಗಳನ್ನು ಸೂಚಿಸಿದನು. ಹೊಸ ಪದಗಳು ಶೂನ್ಯದಿಂದ ಹುಟ್ಟುವುದು ಬಲು ಅಪರೂಪ; ಹಳೆಯ ತುಣುಕುಗಳೇ ಹೊಸ ರೂಪ ತಾಳುತ್ತವೆ. 'ದಾರಿ' ಎಂಬರ್ಥದ ಅದೇ ಗ್ರೀಕ್ ತುಣುಕಿಗೆ 'ಎರಡು' ಎಂಬುದು ಸೇರಿದಾಗ ಡಯೋಡ್ ಆಯಿತು.

ಇನ್ನೊಂದು ವಿಧಾನ ಎರಡು ಪದಗಳನ್ನು ಬೆಸೆಯುವುದು. ಹೊಗೆಯೆಂಬರ್ಥದ ಸ್ಮೋಕ್, ಮಂಜೆಂಬರ್ಥದ ಫಾಗ್ ಕೂಡಿ ಸ್ಮಾಗ್ ಆಯಿತು. ಮೊದಲಕ್ಷರಗಳನ್ನು ಪೋಣಿಸುವುದೂ ಉಂಟು. 'ರೇಡಿಯೋ ಡಿಟೆಕ್ಷನ್ ಅಂಡ್ ರೇಂಜಿಂಗ್' ಎಂಬ ಉದ್ದನೆಯ ಹೆಸರನ್ನು ಅಮೆರಿಕದ ನೌಕಾದಳವು 1940ರಲ್ಲಿ ರೇಡಾರ್ ಎಂದು ಸಂಕ್ಷೇಪಿಸಿತು. 2020ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಕೋವಿಡ್ ಎಂಬ ಹೆಸರೂ ಕೊರೋನಾ, ವೈರಸ್, ಡಿಸೀಸ್ ಎಂಬ ಪದಗಳ ಆದಿಭಾಗಗಳಿಂದ ಆದುದು.

ಕತ್ತರಿಸುವ ಕ್ರಮವು ಇನ್ನೂ ವಿನೋದಕರ. ಲ್ಯಾಟಿನ್ನಿನಲ್ಲಿ 'ಆಮ್ನಿಬಸ್' ಎಂದರೆ 'ಎಲ್ಲರಿಗೆ'. ಸರ್ವರಿಗೂ ತೆರೆದ ಬಂಡಿಗೆ ಆ ಹೆಸರು ಬಂದಿತು. ಜನರು ಮೊದಲ ಭಾಗವನ್ನು ಬಿಟ್ಟು 'ಬಸ್' ಎಂದರು. ಉಳಿದುದು ಬರಿಯ ವಿಭಕ್ತಿಪ್ರತ್ಯಯ! ಕನ್ನಡದಲ್ಲಿ 'ಎಲ್ಲರಿಗೆ' ಎಂಬುದರ 'ಗೆ' ಮಾತ್ರವನ್ನು ಉಳಿಸಿಕೊಂಡು ವಾಹನಕ್ಕೆ ಹೆಸರಿಟ್ಟಂತೆ.

ಹಾಗಾದರೆ ಯಾವ ಪದ ಉಳಿಯಬೇಕೆಂದು ನಿರ್ಧರಿಸುವವರು ಯಾರು? ಇಂಗ್ಲಿಷಿಗೆ ಇಂಥ ಅಪ್ಪಣೆ ಕೊಡುವ ಅಧಿಕೃತ ಪರಿಷತ್ತಿಲ್ಲ. 1833ರಲ್ಲಿ ಅದೇ ಹ್ಯೂವೆಲನು, ಕಲಾವಿದನಿಗೆ 'ಆರ್ಟಿಸ್ಟ್' ಎನ್ನುವಂತೆ ವಿಜ್ಞಾನಿಗೆ 'ಸೈಂಟಿಸ್ಟ್' ಎನ್ನಬಹುದೆಂದನು. ಫ್ಯಾರಡೆಗೆ ಕೊಟ್ಟ ಪದಗಳಂತೆ ಇದು ಸುಲಭವಾಗಿ ನೆಲೆಗೊಳ್ಳಲಿಲ್ಲ. ಅರುವತ್ತು ವರ್ಷಗಳ ತರುವಾಯವೂ ಪ್ರಸಿದ್ಧ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿಗೆ ಅದು ರುಚಿಸಲಿಲ್ಲ. ಆದರೂ ಜನರು ಬಳಸಿದರು, ಪದ ಉಳಿಯಿತು. ಪದವನ್ನು ರಚಿಸುವವನು ಪಂಡಿತನಾಗಿರಬಹುದು; ಅದಕ್ಕೆ ಆಯುಸ್ಸನ್ನು ಕೊಡುವವರು ಬಳಸುವವರೇ.

ಆದುದರಿಂದ ಕಠಿಣವಾದ ಪಾರಿಭಾಷಿಕ ಪದವು ಎದುರಾದಾಗ ವಿದ್ಯಾರ್ಥಿಯು ಅಂಜಿ ಉರುಹೊಡೆಯಬೇಕಾಗಿಲ್ಲ. ಅದನ್ನು ಬಿಡಿಸಿ ನೋಡಲಿ. ಫ್ಯಾರಡೆಯಂತೆ ಮಾತಿಗಾಗಿ ತಡವರಿಸಿದ ಒಬ್ಬ ಮನುಷ್ಯನು ಅದರ ಹಿಂದೆ ಕಂಡಾನು.