ಹಾರ್ಡ್ ಡಿಸ್ಕ್ ನಿರ್ವಹಣೆ

ಹಾರ್ಡ್ ಡಿಸ್ಕ್ ನಿರ್ವಹಣೆ ಎಂದರೆ ಗಣಕಯಂತ್ರದ ಸಂಗ್ರಹ ಸಾಧನದಲ್ಲಿರುವ ಕಡತಗಳನ್ನು ಕ್ರಮವಾಗಿರಿಸಿ, ಸಾಧನದ ಸ್ಥಿತಿಯನ್ನು ಗಮನಿಸುತ್ತ, ಕೊನೆಗೆ ಅದನ್ನು ವಿಲೇವಾರಿ ಮಾಡುವವರೆಗಿನ ಕಾರ್ಯ. ಮನೆಬಳಕೆಯಲ್ಲಿ ಇದನ್ನು ವೇಗ ಹೆಚ್ಚಿಸುವ ಉಪಾಯವೆಂದು ತಿಳಿಯುವುದು ರೂಢಿಯಾದರೂ ಮಾಹಿತಿಯ ರಕ್ಷಣೆಯೇ ಇದರ ಮುಖ್ಯ ಉದ್ದೇಶ.

ರಚನೆ ಮತ್ತು ಹಾನಿ

ಹಾರ್ಡ್ ಡಿಸ್ಕಿನೊಳಗಿನ ಕಾಂತೀಯ ಲೇಪನದ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಬಾರಿ ಸುತ್ತುತ್ತವೆ. ಮಾಹಿತಿಯನ್ನು ಓದುವ ಹೆಡ್, ತಟ್ಟೆಯನ್ನು ಮುಟ್ಟದೆ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತದೆ. ಆದ್ದರಿಂದ ಚಾಲನೆಯಲ್ಲಿರುವಾಗ ಬೀಳುವ ಪೆಟ್ಟು ಮಾರಕವಾಗಬಲ್ಲದು. ಬರೆಯುತ್ತಿರುವಾಗ ವಿದ್ಯುತ್ ಕಡಿತವಾದರೆ ಕಡತಗಳು ಕೆಡುವ ಸಂಭವವಿದ್ದು, ಯು.ಪಿ.ಎಸ್. ಬಳಕೆಯಿಂದ ಇದನ್ನು ತಡೆಯಬಹುದು. ಸಾಧನವೇ ದಾಖಲಿಸಿಕೊಳ್ಳುವ 'ಸ್ಮಾರ್ಟ್' ವರದಿಯಲ್ಲಿ ಕೆಟ್ಟ ಸೆಕ್ಟರ್‌ಗಳ ಸಂಖ್ಯೆ ಏರುತ್ತಿದ್ದರೆ ದುರಸ್ತಿಗಿಂತ ಮೊದಲು ಪ್ರತಿ ತೆಗೆಯುವುದು ಸೂಕ್ತ.

ಶುಚಿಗೊಳಿಸುವಿಕೆ

ತಾತ್ಕಾಲಿಕ ಕಡತಗಳನ್ನು ಅಳಿಸಲು ವಿಂಡೋಸ್‌ನಲ್ಲಿರುವ ಸೌಲಭ್ಯವೇ ಸಾಕು. ಚದುರಿದ ಕಡತಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಕ್ರಿಯೆ ತಿರುಗುವ ತಟ್ಟೆಗಳಿಗೆ ಮಾತ್ರ ಉಪಯುಕ್ತ. ಎಸ್.ಎಸ್.ಡಿ.ಗೆ ಅದರಿಂದ ಲಾಭವಿಲ್ಲ, ಅನಗತ್ಯ ಬರವಣಿಗೆಯಿಂದ ಸವೆತ ಮಾತ್ರ.

ಹಲವರು ಮುಖ್ಯ ಕಡತಗಳನ್ನು ಡಿ ಡ್ರೈವ್‌ನಲ್ಲಿಟ್ಟು ಸುರಕ್ಷಿತವೆಂದು ಭಾವಿಸುತ್ತಾರೆ. ಆದರೆ ಸಿ ಮತ್ತು ಡಿ ಡ್ರೈವ್‌ಗಳು ಬಹುತೇಕ ಒಂದೇ ಸಾಧನದ ಎರಡು ಭಾಗಗಳು. ಸಾಧನ ಕೆಟ್ಟರೆ ಎರಡೂ ಹೋಗುತ್ತವೆ. ಪ್ರತಿಯು ಬೇರೆ ಸಾಧನದಲ್ಲಿರಬೇಕು, ಒಂದಾದರೂ ಮನೆಯ ಹೊರಗಿರುವುದು ಉತ್ತಮ.

ಕನ್ನಡದ ಕಡತಗಳು

1998ರಲ್ಲಿ ಬಂದ ಬರಹ ಹಾಗೂ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಗಳಲ್ಲಿ ಸಿದ್ಧವಾದ ಹಳೆಯ ಕಡತಗಳಿಗೆ ವಿಶೇಷ ಗಮನ ಅಗತ್ಯ. ಯುನಿಕೋಡ್ ಪೂರ್ವದ ಆ ಫಾಂಟ್‌ಗಳು ಲ್ಯಾಟಿನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಇರಿಸಿದ್ದವು. ಫಾಂಟ್‌ಗಳು ಇರುವುದು ಸಿ ಡ್ರೈವ್‌ನಲ್ಲಿ. ವಿಂಡೋಸ್ ಹೊಸದಾಗಿ ಹಾಕಿಸಿದಾಗ ಡಿ ಡ್ರೈವ್‌ನ ಬರಹ ಉಳಿದರೂ ಫಾಂಟ್ ಅಳಿದು, ಪುಟದ ತುಂಬ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿದೆಯೆಂದು ಅಳಿಸಿಬಿಡುವ ಅಪಾಯ ಇಲ್ಲಿಯೇ ಇದೆ. ಫಾಂಟ್ ಮರಳಿ ಹಾಕಿದರೆ ಬರಹ ಯಥಾವತ್ತಾಗಿ ತೋರುತ್ತದೆ. ಯುನಿಕೋಡ್ ಕನ್ನಡದಲ್ಲಿ ಹುಡುಕಿದರೂ ಇಂತಹ ಕಡತಗಳ ಒಳಗಿನ ಪದಗಳು ಸಿಗುವುದಿಲ್ಲ. ಪರಿವರ್ತಕದ ಮೂಲಕ ಯುನಿಕೋಡ್ ಪ್ರತಿ ಮಾಡಿಕೊಂಡ ನಂತರವೂ ಮೂಲ ಕಡತ ಮತ್ತು ಫಾಂಟ್‌ಗಳನ್ನು ಒಟ್ಟಿಗೆ ಕಾಯ್ದಿರಿಸುವುದು ಒಳಿತು, ಏಕೆಂದರೆ ಪರಿವರ್ತನೆಯಲ್ಲಿ ಕೆಲವು ಒತ್ತಕ್ಷರಗಳು ತಪ್ಪಬಹುದು.

ವಿಲೇವಾರಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕು, ಸೋಂಪುರ ಹೋಬಳಿಯ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲಿ 2005ರಲ್ಲಿ ಕಾರ್ಯಾರಂಭ ಮಾಡಿದ ಇ-ಪರಿಸರ, ಸರ್ಕಾರದ ಅನುಮತಿ ಪಡೆದ ಭಾರತದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕ. ಹಾರ್ಡ್ ಡಿಸ್ಕಿನಲ್ಲಿರುವ ಅಲ್ಯೂಮಿನಿಯಂ, ನಿಯೋಡಿಮಿಯಂ ಅಯಸ್ಕಾಂತ ಮುಂತಾದವು ಮರುಬಳಕೆಗೆ ಯೋಗ್ಯ. ಗುಜರಿಗೆ ಹಾಕುವ ಬದಲು ಇಂತಹ ನೋಂದಾಯಿತ ಘಟಕಗಳಿಗೇ ತಲುಪಿಸಬೇಕು.

ಕೊಡುವ ಮುನ್ನ ಕಡತಗಳನ್ನು ಅಳಿಸಿದರಷ್ಟೇ ಸಾಲದು. ಅಳಿಸುವಿಕೆ ಮತ್ತು ಕ್ವಿಕ್ ಫಾರ್ಮ್ಯಾಟ್ ಎರಡೂ ಸೂಚಿಯನ್ನು ಮಾತ್ರ ತೆಗೆಯುತ್ತವೆ. ಬ್ಯಾಂಕ್ ವಿವರ, ಛಾಯಾಚಿತ್ರಗಳನ್ನು ಬೇರೆಯವರು ಮರಳಿ ಪಡೆಯಬಹುದು. ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಇಡೀ ಜಾಗದಲ್ಲಿ ಸೊನ್ನೆಗಳನ್ನು ಬರೆಯುತ್ತದೆ. ಎಸ್.ಎಸ್.ಡಿ.ಗಳಿಗೆ ತಯಾರಕರು ಒದಗಿಸುವ ಸುರಕ್ಷಿತ ಅಳಿಸುವಿಕೆಯ ಆದೇಶವನ್ನು ಬಳಸಬೇಕು. ಚಾಲನೆಯಾಗದ ಹಾರ್ಡ್ ಡಿಸ್ಕ್‌ನಲ್ಲಿ ಇದು ಸಾಧ್ಯವಿಲ್ಲದ್ದರಿಂದ ತಟ್ಟೆಗಳಿಗೆ ರಂಧ್ರ ಕೊರೆದು ನಿರುಪಯುಕ್ತಗೊಳಿಸಲಾಗುತ್ತದೆ.