ಬೀಜಕ್ಕೊಂದು ಬೆಚ್ಚನೆಯ ಪೆಟ್ಟಿಗೆ

ಬೆಂಗಳೂರಿನ ಹವೆ ಹಿತವಾದುದೆಂಬ ಕೀರ್ತಿ ಮನುಷ್ಯರಿಗೆ ಸಲ್ಲತಕ್ಕದ್ದೇ ಹೊರತು ಬೀಜಗಳಿಗಲ್ಲ. 1884ರ ಜನವರಿ 13ರಂದು ಇಲ್ಲಿನ ಉಷ್ಣಮಾನ 7.8 ಡಿಗ್ರಿಗೆ ಇಳಿದಿತ್ತು. ಅಂತಹ ಚಳಿ ಈಗಿಲ್ಲವಾದರೂ ಪುಷ್ಯಮಾಸದ ಇರುಳುಗಳಲ್ಲಿ 15 ಡಿಗ್ರಿಯ ಆಸುಪಾಸು ಸಾಮಾನ್ಯವೇ. ಮಹದೇವಪುರದ ಬಹುಮಹಡಿ ಮನೆಗಳಲ್ಲಿ, ಬಿಸಿಲು ಕಾಣದ ಬಾಲ್ಕನಿಯಲ್ಲಿ ದೊಣ್ಣೆಮೆಣಸಿನ ಬೀಜ ಬಿತ್ತಿ ಹತ್ತು ದಿನ ಕಾದವರು ಅಂಗಡಿಯವನನ್ನು ಶಪಿಸುವ ಮುನ್ನ ಒಂದು ಲೆಕ್ಕವನ್ನು ಗಮನಿಸಬೇಕು. ಮಣ್ಣು 15 ಡಿಗ್ರಿಯಲ್ಲಿಯೇ ನಿಂತರೆ ಆ ಬೀಜ ಮೊಳೆಯಲು ಸುಮಾರು 25 ದಿನ ಬೇಕು. 25 ಡಿಗ್ರಿಯಲ್ಲಿ ಎಂಟೇ ದಿನ. ಟೊಮೆಟೊ ಬೀಜಕ್ಕೆ 14 ದಿನವಾದರೆ, ಬೆಚ್ಚಗಿದ್ದಲ್ಲಿ ಆರು. ತಣ್ಣನೆಯ ತೇವದಲ್ಲಿ ಬಹುದಿನ ಬಿದ್ದ ಬೀಜ ಕೊಳೆತುಹೋಗುವುದೂ ಉಂಟು. ಹೈಬ್ರಿಡ್ ಬೀಜವನ್ನು ಎಣಿಸಿ ಮಾರುವ ಈ ಕಾಲದಲ್ಲಿ ಅದು ಅಲ್ಪ ನಷ್ಟವಲ್ಲ.

ಬೀಜಕ್ಕೆ ಮೊದಲು ಬೇಕಾದುದು ಬೆಳಕಲ್ಲ, ಕಾವು. ಹುರುಳಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಒಲೆಯ ಬಳಿ ಇಡುತ್ತಿದ್ದ ಅಜ್ಜಿಯರಿಗೆ ಇದು ತಿಳಿದಿತ್ತು. ನೆನೆದ ಭತ್ತವನ್ನು ಗೋಣಿಚೀಲಕ್ಕೆ ತುಂಬಿ ಹುಲ್ಲು ಮುಚ್ಚುವ ರೈತನಿಗೂ ತಿಳಿದಿದೆ. ನೆರೆಯ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ನರ ಬೇಸಾಯದ ನೆಲೆಯಾಗಿ ಹುಟ್ಟಿತೆಂಬುದು ಇಂದು ಯಾರ ನೆನಪಿಗೂ ಬಾರದು. ಮಣ್ಣು ಬಾಲ್ಕನಿಗೆ ಏರಿದೆ, ಒಲೆ ಮಾಯವಾಗಿದೆ. ಆ ಒಲೆಯ ಸ್ಥಾನವನ್ನು ಒಂದು ವಿದ್ಯುದ್ದೀಪ ತುಂಬಬಲ್ಲುದು.

ಯಂತ್ರಗಳನ್ನು ತುಂಬಿ ಬರುವ ದೇವದಾರು ಪೆಟ್ಟಿಗೆಗಳು ಗುಜರಿ ಅಂಗಡಿಗಳಲ್ಲಿ ದೊರೆಯುತ್ತವೆ. ಎರಡು ಅಡಿ ಉದ್ದ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆ ಸಾಕು. ತಳದಲ್ಲಿ ಪಿಂಗಾಣಿಯ ಹೋಲ್ಡರಿಗೆ 15 ವ್ಯಾಟಿನ ಹಳೆಯ ತಂತಿಯ ಬಲ್ಬನ್ನು ಕೂಡಿಸಬೇಕು. ಎಲ್‌ಇಡಿ ದೀಪ ಇಲ್ಲಿ ನಿರುಪಯೋಗಿ. ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಪೋಲು ಮಾಡುವ ತಂತಿಯ ಬಲ್ಬಿನ ದುರ್ಗುಣವೇ ಇಲ್ಲಿ ಗುಣ. ಬಲ್ಬಿನಿಂದ ಒಂದು ಗೇಣು ಮೇಲೆ ತಂತಿಯ ಜಾಲರಿ, ಅದರ ಮೇಲೆ ಮರಳು ತುಂಬಿದ ತಗಡಿನ ತಟ್ಟೆ, ಮರಳಿನ ಮೇಲೆ ತೆಂಗಿನ ನಾರಿನ ಪುಡಿ ತುಂಬಿದ ಬೀಜದ ತಟ್ಟೆ. ಮರಳು ಕಾವನ್ನು ಸಮನಾಗಿ ಹಂಚುತ್ತದೆ. ತಗಡಿನ ತಟ್ಟೆಯಲ್ಲಿ ತೂತು ಮಾತ್ರ ಇರಕೂಡದು: ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಬಲ್ಬು ಒಡೆಯುವುದು.

ನೀರೂ ವಿದ್ಯುತ್ತೂ ಒಂದೇ ಪೆಟ್ಟಿಗೆಯಲ್ಲಿರುವಾಗ ಮಿತವ್ಯಯಕ್ಕಿಂತ ಎಚ್ಚರಿಕೆ ದೊಡ್ಡದು. ತಗಡಿಗೂ ಜಾಲರಿಗೂ ಅರ್ತಿಂಗ್ ಇರಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ಪ್ರವಾಹ ಕಡಿಯುವ ಸಾಧನ ಮನೆಯಲ್ಲಿರಬೇಕು. ಜೋಡಣೆಯನ್ನು ಬಲ್ಲವರಿಂದಲೇ ಮಾಡಿಸಬೇಕು. ನೀರು ಚಿಮುಕಿಸುವಾಗ ಪ್ಲಗ್ ಕಿತ್ತಿಟ್ಟಿರಬೇಕು. ಥರ್ಮಾಕೋಲ್ ಪೆಟ್ಟಿಗೆ ಅಗ್ಗವೇನೋ ಹೌದು, ಆದರೆ ಶಾಖಕ್ಕೆ ಮೆತ್ತಗಾಗಿ ಬೆಂಕಿಗೂ ಸುಲಭವಾಗಿ ತುತ್ತಾಗುವ ವಸ್ತು. ಬಲ್ಬಿನ ಬಳಿ ಅದಕ್ಕೆ ಎಡೆಯಿಲ್ಲ.

ನಾರಿನ ಪುಡಿಯಲ್ಲಿ ಉಷ್ಣಮಾಪಕವನ್ನು ಊರಿ, 25ರಿಂದ 28 ಡಿಗ್ರಿ ಇರುವಂತೆ ಮುಚ್ಚಳವನ್ನು ಸರಿಸುತ್ತಿದ್ದರಾಯಿತು. ಎಂಟು ದಿನ ಹಗಲಿರುಳು ಉರಿದರೂ ಖರ್ಚು ಮೂರು ಯೂನಿಟ್ಟಿಗೆ ಒಳಗೆ.

ಬಹುಮಂದಿ ಕೆಡಿಸುವುದು ಇದಾದ ಮೇಲೆ. ಮೊದಲ ಮೊಳಕೆ ತಲೆಯೆತ್ತಿದ ದಿನವೇ ತಟ್ಟೆಯನ್ನು ಹೊರತೆಗೆದು ಬೆಳಕಿಗಿಡಬೇಕು. ಇನ್ನೆರಡು ದಿನ ಬೆಚ್ಚಗಿರಲೆಂದು ಮರುಕಪಟ್ಟರೆ ಸಸಿ ಬಿಳಿಚಿ ಉದ್ದುದ್ದ ಬೆಳೆದು, ಬುಡ ಕೊಳೆತು ಮಲಗುತ್ತದೆ. ತೆರವಾದ ಪೆಟ್ಟಿಗೆಯನ್ನು ಚೊಕ್ಕಟಗೊಳಿಸಿದರೆ, ಮಾಗಿಯಲ್ಲಿ ಹುಳಿ ಬಾರದೆ ಸತಾಯಿಸುವ ದೋಸೆಯ ಹಿಟ್ಟಿಗೂ ಅದೇ ಕಾವು ಸಾಕು.